ದೊಡ್ಡಪ್ಪನ ಒಳ್ಳೆಯ ರಕ್ತ

ಹುಟ್ಟಿನಿಂದ ಬಂದ ಆರೋಗ್ಯವನ್ನು ತಾವೇ ಸಂಪಾದಿಸಿದಂತೆ ಮೆರೆಯುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅಂಥವರಲ್ಲಿ ಮೊದಲನೆಯವರು ನನ್ನ ದೊಡ್ಡಪ್ಪ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನಲ್ಲಿ ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ದೊಡ್ಡಪ್ಪನದು ಕೊಬ್ಬರಿ ಮಂಡಿ. ದಿನವಿಡೀ ದಿಂಬಿಗೊರಗಿ ಕೂರುವುದೇ ಅವರ ದುಡಿಮೆ. ಒತ್ತು ಶಾವಿಗೆಗೆ ಬೆಲ್ಲದ ಕಾಯಿಹಾಲು ಸುರಿದುಕೊಂಡು ತಟ್ಟೆಗಟ್ಟಲೆ ತಿನ್ನುತ್ತಿದ್ದರು. ಆದರೂ ಒಂದು ಕಾಯಿಲೆಯಿಲ್ಲ. ಅದು ತಮ್ಮ ತಪಸ್ಸಿನ ಫಲವೆಂಬಂತೆ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದರು.

ಅವರ ಮಗ, ನನ್ನ ಅಣ್ಣ, ಕಡ್ಡಿಯಂತಿದ್ದ. ದಂಡಿನಶಿವರದ ಕಡೆಯಿದ್ದ ತೋಟದಲ್ಲಿ ಆಳುಗಳ ಸರಿಸಮ ದುಡಿಯುತ್ತಿದ್ದ. ಸಿಹಿಯೆಂದರೆ ಮೊದಲಿಂದಲೂ ಸೇರದು. ಮುದ್ದೆ, ಉಪ್ಪುಸಾರು ಸಾಕು. ಮದುವೆಯಾದ ಮರುವರ್ಷ ಅವನು ಇನ್ನಷ್ಟು ಸೊರಗಿದ. ಎಷ್ಟು ನೀರು ಕುಡಿದರೂ ದಾಹ ತೀರದು. ದೊಡ್ಡಪ್ಪ, ದೊಡ್ಡಮ್ಮನ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಡಾಕ್ಟರು ಅವನ ಮೂತ್ರವನ್ನು ನೀಲಿ ದ್ರಾವಣಕ್ಕೆ ಹಾಕಿ ಕಾಯಿಸಿದರು. ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆ.

"ಕದ್ದು ತಿಂದಿರ್ತಾನೆ ಬುಡಿ ಡಾಕ್ಟ್ರೇ," ಎಂದರು ದೊಡ್ಡಪ್ಪ. "ನನ್ನ ನೋಡಿ, ಕಲ್ಲು ತಿಂದ್ರೂ ಅರಗ್ತದೆ."

"ತಿನ್ನೋದೊಂದೇ ಅಲ್ಲ ಯಜಮಾನ್ರೇ. ಒಬ್ಬರ ಮೈಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಲ್ಲ. ವಂಶದಲ್ಲೂ ಬರುತ್ತೆ. ನಿಮ್ಮಲ್ಲಿ ಯಾರಿಗಾದ್ರೂ ಇತ್ತಾ?"

ದೊಡ್ಡಮ್ಮ ತಲೆ ತಗ್ಗಿಸಿ, "ನಮ್ಮಪ್ಪಂಗಿತ್ತು. ಕಾಲು ತೆಗೆದ್ರು," ಎಂದರು.

ದೊಡ್ಡಪ್ಪನಿಗೆ ಅಷ್ಟೇ ಸಾಕಾಯಿತು. ಹುಳಿಯಾರಿನ ತವರಿಂದ ಹೆಂಡತಿ ಕೆಟ್ಟ ರಕ್ತ ತಂದಳೆಂದು ಮಂಡಿಗೆ ಬಂದವರಿಗೂ ಹೇಳತೊಡಗಿದರು. ಮಗ ಸೂಜಿ ಚುಚ್ಚಿಕೊಳ್ಳುವಾಗ ಎದುರಿಗೇ ಕೂತು ನಗುತ್ತಿದ್ದ ಆ ಮುಖ ನೆನೆದರೆ ನನಗೆ ಹೇಸಿಗೆ.

ಯುಗಾದಿಗೆ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ದೊಡ್ಡಮ್ಮ ಒಬ್ಬಟ್ಟು ಬಡಿಸಲು ಬಂದಾಗ ಅಣ್ಣ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದ. "ಅವನ್ಗೆ ಬಡಿಸ್ಬ್ಯಾಡ ಕಣೇ. ನಿಮ್ಮಪ್ಪನ ಮನೆ ಉಡುಗೊರೆ ಬಂದೈತಲ್ಲ," ಎಂದು ದೊಡ್ಡಪ್ಪ ನಕ್ಕರು. ಕೆಲವರು ಜೊತೆಗೂಡಿದರು.

ದೊಡ್ಡಮ್ಮ ಪಾತ್ರೆ ಕೆಳಗಿಟ್ಟರು.

"ನಿಮ್ಮ ರಕ್ತ ಒಳ್ಳೇದೇ, ಒಪ್ಕೊಂಡೆ. ಅದನ್ನ ನೀವೆಲ್ಲಿ ದುಡಿದು ತಂದ್ರಿ? ನಿಮ್ಗೂ ಹುಟ್ದಾಗ ಸಿಕ್ತು, ಅವನ್ಗೂ ಹುಟ್ದಾಗ ಸಿಕ್ತು. ನಿಮ್ದೇನ್ರೀ ಹೆಚ್ಚುಗಾರಿಕೆ?"

ದೊಡ್ಡಪ್ಪ ತುಪ್ಪ ಎಲ್ಲಿ ಎಂದು ಕೇಳಿದರು. ಆ ಮನುಷ್ಯನಿಗೆ ನಾಚಿಕೆಯೂ ಅರಗಿಹೋಗುತ್ತಿತ್ತು.

ಆ ತಿಂಗಳೇ ಅಣ್ಣ ಹೆಂಡತಿಯೊಡನೆ ತೋಟದ ಮನೆಗೆ ಹೋದ. ದೊಡ್ಡಮ್ಮನೂ ಸೀರೆ ಗಂಟು ಕಟ್ಟಿಕೊಂಡು ಜೊತೆಗೆ ಹೊರಟರು. ಅಣ್ಣ ಹೊತ್ತಿಗೆ ಸರಿಯಾಗಿ ಉಂಡು, ಇಂಜೆಕ್ಷನ್ ತಪ್ಪಿಸದೆ, ಮತ್ತೆ ಮೈ ತುಂಬಿಕೊಂಡ. ಅವನಿಗೆ ಮಗಳು ಹುಟ್ಟಿದಾಗ ದೊಡ್ಡಪ್ಪ ನೋಡಲು ಬಂದರು. ತೊಟ್ಟಿಲಿಗೆ ಬಗ್ಗಿ, "ಇದು ನಮ್ಮ ಕಡೇದಾ, ಅವ್ರ ಕಡೇದಾ?" ಎಂದರು.

ದೊಡ್ಡಮ್ಮ ಮಗುವನ್ನೆತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.