ಹೂ ಬಿಟ್ಟ ಈರುಳ್ಳಿ ಮಡಿ

ಈರುಳ್ಳಿ ಹೂ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ದಂಟಿನ ತುದಿಯಲ್ಲಿ ಗುಂಡಗೆ, ಬೆಳ್ಳಗೆ ಮೆರೆಯುತ್ತಾ ನಿಂತಿರುತ್ತದಲ್ಲ, ಅದನ್ನು ಹಿಡಿದು ಲಟಕ್ಕನೆ ಮುರಿಯಬೇಕು ಅನ್ನಿಸುತ್ತದೆ. ಮುರಿದೂ ಇದ್ದೇನೆ, ಒಂದು ಚಳಿಗಾಲದಲ್ಲಿ ದಿನಾ.

ಯುದ್ಧದ ಕಾಲ ಅದು. ನನ್ನನ್ನು ಜಗಳೂರು ಕಡೆಯಿಂದ ಸಂತೇಬೆನ್ನೂರಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪ ಮೊದಲೇ ಇರಲಿಲ್ಲ; ನನ್ನ ಮದುವೆಯಾದ ಮಳೆಗಾಲದಲ್ಲೇ ಅವ್ವನೂ ಹೋದಳು. ಉಳಿದವಳು ನನ್ನ ತಂಗಿ, ಹಾಲುಹಲ್ಲು ಬೀಳುತ್ತಿದ್ದ ಹುಡುಗಿ. ಚಿಕ್ಕಪ್ಪ ಅವಳನ್ನು ತನ್ನ ಮನೆಯಲ್ಲಿ ಇಟ್ಟುಕೊಂಡ. ಅವನಿಗೋ ಮನೆ ತುಂಬ ಮಕ್ಕಳು. ಅವ್ವನ ಮಣ್ಣು ಮುಗಿಸಿ ನಾನು ಗಾಡಿ ಹತ್ತುವಾಗ ತಂಗಿ ಸೆರಗು ಹಿಡಿದವಳು ಬಿಡಲೊಲ್ಲಳು. "ಕರ್ಕಂಡು ಹೋಗಾಕೆ ಬರ್ತೀನಿ ಕಣೇ" ಎಂದು ಅವಳ ಬೆರಳು ಬಿಡಿಸಿ ಬಂದೆ.

ಆ ವಿಷಯ ಅತ್ತೆಯ ಮುಂದೆ ಎತ್ತಲು ನನಗೆ ಎಷ್ಟೋ ದಿನ ಧೈರ್ಯ ಬರಲಿಲ್ಲ. ಅತ್ತೆ ಕೆಟ್ಟವರಲ್ಲ, ಆದರೆ ಮಾತು ಖಾರ. ಒಂದು ದಿನ ಅವರು ಜೋಳ ಹಸನು ಮಾಡುತ್ತಾ ಕೂತಿದ್ದಾಗ ಕೇಳಿಯೇಬಿಟ್ಟೆ, ತಂಗಿಯನ್ನು ಇಲ್ಲಿಗೆ ಕರೆತರಲೇ ಎಂದು. ಆ ವರ್ಷ ಯುದ್ಧದ ಲೆವಿ ಅಂತ ಸರ್ಕಾರದವರು ಮನೆಮನೆಯ ಕಾಳು ಅಳೆದು ಒಯ್ದಿದ್ದರು. ಅತ್ತೆ ಮೊರದಿಂದ ತಲೆ ಎತ್ತಲಿಲ್ಲ.

"ಇರೋರ ಹೊಟ್ಟೆಗೇ ಇಲ್ಲ, ಇನ್ನೊಂದು ಬಾಯಿ ಬ್ಯಾರೆ. ಹಿತ್ಲು ಖಾಲಿ ಬಿದ್ದೈತೆ ನೋಡು. ಆಕಿ ಉಣ್ಣೋ ಅಷ್ಟು ನೀನು ಬೆಳಿ, ಕರ್ಕಂಡು ಬಾ."

ಹಾಗೆಂದು ಮೊರ ಕೇರಿದರು. ನನಗೆ ಅಷ್ಟು ಸಾಕಾಯಿತು. ಮರುದಿನವೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಇಳಿದೆ. ಬೆಳೆದರೆ ಈರುಳ್ಳಿಯೇ ಬೆಳೆಯಬೇಕು. ಆ ಊರಿನವರು ಈರುಳ್ಳಿ ಬೆಳೆಯುತ್ತಿರಲಿಲ್ಲ. ಸಂತೆಯಲ್ಲಿ ಕೊಳ್ಳುತ್ತಿದ್ದರು, ಇಲ್ಲವೇ ಕಾಳು ಕೊಟ್ಟು ಬದಲಿಗೆ ತೆಗೆದುಕೊಳ್ಳುತ್ತಿದ್ದರು. ಜಂತಿಗೆ ನಾಲ್ಕಾರು ಗೊಂಚಲು ಈರುಳ್ಳಿ ಕಟ್ಟಿದರೆ ಒಂದು ಸಣ್ಣ ಹೊಟ್ಟೆಗೆ ಬೇಕಾದ ಜೋಳ ತಾನಾಗಿ ಬಾಗಿಲಿಗೆ ಬರುತ್ತದೆ ಎಂದು ನನ್ನ ಲೆಕ್ಕ.

ಬೀಜ ತರಿಸಿ, ಚೆಲ್ಲಿ, ಸಸಿ ಮಾಡಿ ಕಾಯುವಷ್ಟು ತಾಳ್ಮೆ ಯಾರಿಗಿತ್ತು? ತವರಿನಿಂದ ತಂದಿದ್ದ ಈರುಳ್ಳಿ ಅಟ್ಟದ ಮೇಲೆ ಮೊಳಕೆ ಒಡೆದು ಬಿದ್ದಿತ್ತು. ಅದನ್ನೇ ಮಡಿ ಮಾಡಿ ನೆಟ್ಟೆ. ಮೊಳಕೆ ಬಂದದ್ದು ಬೇಗ ಬರುತ್ತದೆ, ಅಲ್ಲವೇ! ತವರಿನಲ್ಲಿ ಹೊಲದ ತುಂಬ ಈರುಳ್ಳಿ ನೋಡಿದವಳು ನಾನು, ಆದರೆ ನಾವು ಹೆಂಗಸರು ಮಾಡಿದ್ದು ಕಳೆ ಕೀಳುವುದು, ಗಡ್ಡೆ ಕಿತ್ತ ಮೇಲೆ ಗರಿ ಕೊಯ್ಯುವುದು ಅಷ್ಟೇ. ಬಿತ್ತನೆಯ ಸಂಗತಿ ಗಂಡಸರದು. ಇಲ್ಲಿಯವರಿಗಂತೂ ಅದರ ಗಂಧಗಾಳಿ ಇಲ್ಲ. "ಜಗಳೂರಿನಾಕಿ, ಆಕಿಗೆ ಗೊತ್ತಿರ್ತೈತೆ ಬಿಡು" ಎಂದು ಎಲ್ಲರೂ ನನ್ನನ್ನೇ ನಂಬಿದರು. ನಾನೂ ನನ್ನನ್ನೇ ನಂಬಿದೆ.

ಎಂಥ ಹಸಿರು ಬಂತು ಅಂತೀರಿ! ಒಂದೊಂದು ಗಡ್ಡೆಗೂ ನಾಲ್ಕೈದು ಗರಿಯ ಗುಂಪು. ಬಾವಿಯಿಂದ ಕೊಡದಲ್ಲಿ ಹೊತ್ತು ಹೊತ್ತು ನೀರು ಹಾಕಿದೆ. ತಂಗಿ ಬಂದರೆ ಎಲ್ಲಿ ಮಲಗಿಸುವುದು, ಯಾವ ಹಳೆಯ ಸೀರೆ ಹರಿದು ಲಂಗ ಹೊಲಿಯುವುದು ಎಂದು ನೀರು ಹಾಕುತ್ತಾ ಯೋಚಿಸುತ್ತಿದ್ದೆ. "ಈರುಳ್ಳಿ ಜೊತೆ ಏನು ಅಷ್ಟು ಮಾತು?" ಎಂದು ನನ್ನ ಗಂಡ ನಗುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಗರಿಗಳ ನಡುವೆ ಒಂದು ದಪ್ಪ ದಂಟು ನೆಟ್ಟಗೆ ಎದ್ದಿತ್ತು, ತುದಿಯಲ್ಲಿ ಮೊಗ್ಗು. ವಾರ ಕಳೆಯುವುದರೊಳಗೆ ಮಡಿಯ ತುಂಬ ಅದೇ.

ಅದೇ ಹೊತ್ತಿಗೆ ಚಿಕ್ಕಪ್ಪ ಸಂತೇಬೆನ್ನೂರಿನ ಸಂತೆಗೆ ಬಂದವನು ನನ್ನನ್ನು ನೋಡಿ ಹೋಗಲು ಬಂದ. ಹಿತ್ತಲು ನೋಡಿ ಅವನ ಮುಖ ಅರಳಿತು.

"ಬೀಜಕ್ಕೆ ಬಿಟ್ಟೀಯೇನವ್ವಾ? ಚಲೋ ಬಂದೈತೆ."

"ಬೀಜಕ್ಕಲ್ಲ ಚಿಕ್ಕಪ್ಪಾ, ಗಡ್ಡೆಗೆ."

"ಅಯ್ಯೋ ಹುಚ್ಚಿ! ಗಡ್ಡೆ ನೆಟ್ರೆ ಹೂವೇ ಬರೋದು. ಬೀಜ ಮಾಡಾಕೆ ಹಿಂಗೆ ನೆಡ್ತಾರೆ. ಕೆಳಗೆ ಏನೂ ಕೂಡಲ್ಲ, ಕೂಡಿದ್ರೂ ನಡುವೆ ದಂಟು, ಇಟ್ರೆ ಕೊಳೀತೈತೆ."

ಆ ಗಡ್ಡೆಗಳ ಮೇಲೆಯೇ ನಾನು ತಂಗಿಯ ಊಟದ ಲೆಕ್ಕ ಹಾಕಿದ್ದೆ. ಚಿಕ್ಕಪ್ಪನಿಗೆ ಇದೇನು ಗೊತ್ತು? ತಂಗಿ ಹೇಗಿದ್ದಾಳೆ ಎಂದು ಕೇಳಿದ್ದಕ್ಕೆ ಮುಖ ಆ ಕಡೆ ತಿರುಗಿಸಿದ.

"ನನ್ನ ಕೈಲಿ ಆಗವಲ್ದು ಮಗಳೇ. ಹೊನ್ನಾಳ್ಯಾಗೆ ಒಂದು ಮನೆಯೋರು ಕೂಸು ಆಡ್ಸಾಕೆ ಹುಡುಗಿ ಕೇಳ್ಯಾರೆ. ಊಟ ಬಟ್ಟೆ ಕೊಡ್ತಾರಂತೆ. ಉಗಾದಿ ಕಳೀಲಿ, ಬಿಟ್ಟು ಬರ್ತೀನಿ."

"ನಮ್ಮತ್ತೇನ ಒಂದು ಮಾತು ನೀನೇ ಕೇಳು ಚಿಕ್ಕಪ್ಪಾ."

"ಹೆಣ್ಣು ಕೊಟ್ಟ ಮನೇಲಿ ಕೈ ಚಾಚಾಕೆ ಆಗ್ತೈತೇನವ್ವಾ? ನಾಳೆ ನಿನ್ನ ಮ್ಯಾಲೆ ಬರ್ತೈತೆ" ಎಂದು ಟವೆಲು ಕೊಡವಿ ಎದ್ದು ಹೋದ.

ಅಂದಿನಿಂದ ನನಗೆ ತಲೆ ಕೆಟ್ಟಿತು. ಹೂ ಬಂದರಲ್ಲವೇ ಗಡ್ಡೆ ಕೂಡದಿರುವುದು? ಬಂದದ್ದನ್ನೆಲ್ಲ ಮುರಿದುಹಾಕಿದೆ. ಮರುದಿನ ಇನ್ನಷ್ಟು. ಅದನ್ನೂ ಮುರಿದೆ. ಬೆಳಗಾಗೆದ್ದು ಮುಖಕ್ಕೆ ನೀರು ಹಾಕಿಕೊಳ್ಳುವ ಮೊದಲು ಹಿತ್ತಲಿಗೆ ಓಡುತ್ತಿದ್ದೆ. ಮುರಿದ ದಂಟುಗಳನ್ನು ಅತ್ತೆಯ ಕಣ್ಣಿಗೆ ಬೀಳದಂತೆ ತಿಪ್ಪೆಯ ಅಡಿಗೆ ತುರುಕುತ್ತಿದ್ದೆ. ಹಾಳಾದ ಈರುಳ್ಳಿ, ನಿನಗೆ ಏನು ಕಡಿಮೆ ಮಾಡಿದ್ದೆ ನಾನು? ಬಾಯಿಬಿಟ್ಟು ಬೈಯುತ್ತಿದ್ದೆ, ಅಳುತ್ತಿದ್ದೆ, ಮತ್ತೆ ಮುರಿಯುತ್ತಿದ್ದೆ. ಗಂಡನ ಹತ್ತಿರ ಹೇಳೋಣವೆಂದರೆ ಅವರು ತಾಯಿಯ ಮಾತಿಗೆ ಎದುರಾಡಿದವರಲ್ಲ. ಅತ್ತೆಯನ್ನು ಇನ್ನೊಮ್ಮೆ ಕೇಳುವ ಮಾತೇ ಇಲ್ಲ. ಅವರು ಹೇಳಿ ಆಗಿತ್ತು, ನಾನು ಬೆಳೆದು ತೋರಿಸಬೇಕಿತ್ತು.

ಮಾಘ ಮುಗಿಯುವ ಹೊತ್ತಿಗೆ, ಕಾಲವಲ್ಲದ ಕಾಲದಲ್ಲಿ ಮಳೆ ಹೊಯ್ಯಿತು. ಈರುಳ್ಳಿ ದಂಟು ಒಳಗೆ ಪೊಳ್ಳು. ನಾನು ಮುರಿದು ಬಿಟ್ಟ ಮೋಟುಗಳಲ್ಲೆಲ್ಲ ನೀರು ತುಂಬಿ ಗಡ್ಡೆಗೆ ಇಳಿಯಿತು. ನಾಲ್ಕು ದಿನಕ್ಕೆ ಹಿತ್ತಲಿನಿಂದ ನಾತ ಎದ್ದಿತು. ಒಂದನ್ನು ಎಳೆದೆ, ಗರಿ ಕೈಗೆ ಬಂತು, ಗಡ್ಡೆ ಬರಲಿಲ್ಲ. ಬೆರಳು ಹಾಕಿ ಕೆದಕಿದರೆ ಲೋಳೆ. ಇನ್ನೊಂದು, ಮತ್ತೊಂದು. ಆಮೇಲೆ ನನಗೆ ಮೈಮೇಲೆ ಎಚ್ಚರವಿರಲಿಲ್ಲ, ಮಡಿಯನ್ನೆಲ್ಲ ಎರಡೂ ಕೈಯಲ್ಲಿ ಬಗೆಯುತ್ತಿದ್ದೆ.

"ಏನೇ ಇದು? ಏನಾಗೈತೆ ನಿನಗೆ?" ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಬೆಳೀಲಿಲ್ಲ ಅತ್ತೆ! ನನ್ನ ತಂಗಿ ಉಣ್ಣೋ ಅಷ್ಟು ಬೆಳೀಲಿಲ್ಲ! ಉಗಾದಿಗೆ ಆಕಿನ್ನ ಹೊನ್ನಾಳಿಗೆ ಕೆಲಸಕ್ಕೆ ಹಾಕ್ತಾರೆ. ಬೆಳೆದ್ರೆ ಕರ್ಕಂಡು ಬಾ ಅಂದಿದ್ರಲ್ಲ ನೀವು!"

ಅತ್ತೆ ನನ್ನನ್ನೂ ಕಿತ್ತ ಮಡಿಯನ್ನೂ ನೋಡಿದರು.

"ಹಂಗಂದಿದ್ನೇನೇ ನಾನು? ಯಾವಾಗ?"

ಸುಳ್ಳಲ್ಲ. ನಿಜವಾಗಿಯೂ ಅವರಿಗೆ ನೆನಪಿರಲಿಲ್ಲ. ಜೋಳದ ಕಲ್ಲು ಆರಿಸುತ್ತಾ ಆಡಿದ ಮಾತು, ಕಲ್ಲಿನ ಜೊತೆಗೇ ಎಸೆದಿದ್ದರು. ಅದೊಂದು ಮಾತಿಗೆ ನಾನು ಇಡೀ ಚಳಿಗಾಲ ಸತ್ತು ಹುಟ್ಟಿದ್ದೆ. ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಷ್ಟಲ್ಲ. ಕೈಯಲ್ಲಿದ್ದ ಕೊಳೆತ ಗಡ್ಡೆಯನ್ನು ಗೋಡೆಗೆ ಅಪ್ಪಳಿಸಿದೆ. ಅತ್ತೆ ಬೈಯಲಿಲ್ಲ. "ಇನ್ನೊಂದು ಸಲ ಬಾಯಿ ಬಿಟ್ಟು ಕೇಳಾಕೆ ಏನಾಗಿತ್ತೇ ನಿನಗೆ" ಎಂದು ಗೊಣಗುತ್ತಾ ಒಳಗೆ ಹೋಗಿ ಮಗನಿಗೆ ಗಾಡಿ ಕಟ್ಟಲು ಹೇಳಿದರು.

ಚಿಕ್ಕಪ್ಪ ಯುಗಾದಿಯವರೆಗೆ ಕಾದಿರಲಿಲ್ಲ. ನನ್ನ ಗಂಡ ಜಗಳೂರಿಗೆ ಹೋಗಿ, ಅಲ್ಲಿ ತಂಗಿ ಇಲ್ಲದೆ, ಅಲ್ಲಿಂದ ಹೊನ್ನಾಳಿಗೆ ತಿರುಗಿ, ಅವಳನ್ನು ಹುಡುಕಿ ಕರೆತಂದರು. ಗಾಡಿಯಿಂದ ಇಳಿದವಳು ನನ್ನ ಸೆರಗು ಹಿಡಿಯಲಿಲ್ಲ. ಅತ್ತೆ ಅಳಿದುಳಿದ ಈರುಳ್ಳಿಯಲ್ಲಿ ಕೊಳೆತದ್ದನ್ನು ಕೊಯ್ದು ತೆಗೆದು ಪಲ್ಯ ಮಾಡಿದ್ದರು. ಒಲೆಯ ಮುಂದೆ ಕೂರಿಸಿ ತಾವೇ ಬಿಸಿ ರೊಟ್ಟಿ ಹಾಕಿದರು. ತಂಗಿ ಗಬಗಬನೆ ಅರ್ಧ ರೊಟ್ಟಿ ತಿಂದು, ಕೈ ಒರೆಸಿಕೊಂಡು, ಎದ್ದು ನಿಂತು ಮನೆಯೆಲ್ಲ ಕಣ್ಣಾಡಿಸಿದಳು.

"ಅಕ್ಕಾ, ಈ ಮನೇಲಿ ಕೂಸು ಎಲ್ಲೈತೆ? ನಾನು ಎತ್ಕಬೇಕಾದ್ದು?"

ಅತ್ತೆ ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಗುವವರೆಗೂ ಹಾಗೇ ಕೂತಿದ್ದರು.