ಮುಂದೆ ತಂಗಿಯ ಚಕ್ರ

ಪಣಂಬೂರಿನಲ್ಲಿ ಲಾರಿ ತಾಗಿ ಅಪ್ಪನ ಸೈಕಲಿನ ಮುಂದಿನ ಚಕ್ರ ಸೊಟ್ಟಗಾಯಿತು. ಜ್ವರದಲ್ಲಿ ತೀರಿಕೊಂಡ ನನ್ನ ತಂಗಿಯ ಸಣ್ಣ ಸೈಕಲ್ ಆಗ ಒಂದು ವರ್ಷದಿಂದ ನಮ್ಮ ಜಗಲಿಯಲ್ಲಿ ನಿಂತೇ ಇತ್ತು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅಪ್ಪ ಅದರ ಮುಂದಿನ ಚಕ್ರ ಬಿಚ್ಚಿ, ಅಂಗಡಿಗೆ ಒಯ್ದು ತನ್ನ ಸೈಕಲಿಗೆ ಹಾಕಿಸಿಕೊಂಡರು.

ಹಿಂದೆ ದೊಡ್ಡ ಚಕ್ರ, ಮುಂದೆ ಸಣ್ಣದು. ಸೈಕಲ್ ನೆಲ ಮೂಸುವ ಹಾಗೆ ಮುಂದಕ್ಕೆ ಬಾಗಿತು. ಮುಂದಿನ ಬ್ರೇಕಿನ ರಬ್ಬರು ರಿಮ್ಮಿಗೆ ಎಟಕುತ್ತಲೇ ಇರಲಿಲ್ಲ.

"ಬ್ರೇಕ್ ಹಿಡಿಯುವುದಿಲ್ಲ ಅಣ್ಣ. ಸರಿಯಾದ ಚಕ್ರ ಉಂಟು, ಹಾಕ್ತೇನೆ," ಎಂದ ಅಂಗಡಿಯವನು.

"ಬೇಡ. ಇಳಿಜಾರಲ್ಲಿ ಇಳಿದು ನಡೀತೇನೆ," ಎಂದರು ಅಪ್ಪ.

ಇಳಿಜಾರಿಲ್ಲದ ದಾರಿ ನಮ್ಮ ಊರಲ್ಲಿ ಎಲ್ಲಿದೆ? ನನಗೆ ಸಿಟ್ಟು ಬಂತು. "ಇದೆಂತ ಹಟ ಅಪ್ಪ? ನೋಡಿದವರು ನಗ್ತಾರೆ," ಎಂದು ರೇಗಿದೆ.

ಒಂದು ಸಂಜೆ ವಾಮಂಜೂರಿನಲ್ಲಿ, ನಮ್ಮ ಮನೆಯ ಹತ್ತಿರದ ಇಳಿಜಾರಿನಲ್ಲಿ ಅವರು ನಡೆದು ಬರುವುದನ್ನು ನೋಡಿದೆ. ಒಂದು ಕೈ ಹ್ಯಾಂಡಲಿನ ಮೇಲಿತ್ತು, ಇನ್ನೊಂದು ಖಾಲಿ ಸೀಟಿನ ಹಿಂದೆ. ತಂಗಿಗೆ ಸೈಕಲ್ ಕಲಿಸುವಾಗ, ಅವಳು ಬೀಳದಿರಲೆಂದು, ಅದೇ ಇಳಿಜಾರಿನಲ್ಲಿ ಅಪ್ಪ ಹೀಗೆಯೇ ಪಕ್ಕದಲ್ಲಿ ನಡೆಯುತ್ತಿದ್ದರು.