ನಿದ್ದೆ ಬಂದ ತಪ್ಪಿಗೆ

ಕಳೆದ ವಾರ ಒಂದು ಬೆಳಿಗ್ಗೆ ಮನೆಯವರೆಲ್ಲ ಸೇರಿ ನನಗೆ ಬೈದರು. ಯಾಕೆ ಗೊತ್ತೇ? ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ, ಅದಕ್ಕೆ.

ತಮಾಷೆ ಅಲ್ಲ. ನಿದ್ದೆ ಬರಲಿ ಅಂತ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದವರೂ ಅವರೇ, ಎಣ್ಣೆ ಕೊಡಿಸಿದವರೂ ಅವರೇ. ಆ ಎಣ್ಣೆ ಕೆಲಸ ಮಾಡಿತು ನೋಡಿ, ಆಗ ಮನೆಗೆ ಬೆಂಕಿ ಬಿದ್ದಂತೆ ಆಡಿದರು. ಬರೆಯುವಾಗಲೂ ನನಗೆ ಮೈ ಉರಿಯುತ್ತಿದೆ. ಇವತ್ತಿನ ಅಂಕಣ ಸ್ವಲ್ಪ ಖಾರವಾದರೆ ಸಹಿಸಿಕೊಳ್ಳಿ.

ಶುರುವಿನಿಂದ ಹೇಳುತ್ತೇನೆ. ನಮ್ಮದು ಗೋವಿಂದರಾಜನಗರದಲ್ಲಿ ಹಳೇ ಮನೆ. ಕೆಳಗೆ ನಾನು, ನನ್ನ ಗಂಡ, ಅತ್ತೆ. ಮೇಲೆ ಎರಡು ಬಾಡಿಗೆ ಮನೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಅದೂ ಊರೆಲ್ಲ ಮಲಗಿದ ಮೇಲೆ. ಇಂಥದ್ದೇ ಹೊತ್ತು ಅಂತಿಲ್ಲ. ನಮ್ಮ ಸಂಪ್ ಚಿಕ್ಕದು. ತುಂಬಿದ ಕೂಡಲೇ ಮೋಟಾರ್ ಹಾಕಿ ನೀರನ್ನು ಮೇಲಿನ ಟ್ಯಾಂಕಿಗೆ ಹತ್ತಿಸಬೇಕು, ಆಗ ಸಂಪ್ ಇನ್ನೊಮ್ಮೆ ತುಂಬಿಕೊಳ್ಳುತ್ತದೆ. ಇದೊಂದು ತಪ್ಪಿದರೆ ಮೂರು ಮನೆಗೆ ನೀರು ಸಾಲುವುದಿಲ್ಲ.

ಮೋಟಾರ್ ಹಾಕುವವರು ಯಾರು? ಇನ್ಯಾರು!

ಮಾವ ಇದ್ದಾಗ ಅವರು ಮಾಡುತ್ತಿದ್ದರು. ಅವರು ಹೋದ ಮೇಲೆ ಯಾರೂ ನನಗೆ ಹೇಳಲಿಲ್ಲ, ನಾನು ಒಪ್ಪಿಕೊಳ್ಳಲೂ ಇಲ್ಲ, ಆದರೂ ಕೆಲಸ ನನ್ನ ತಲೆಗೇ ಬಂತು. (ಹೆಂಗಸರಿಗೆ ಅಪಾಯಿಂಟ್‌ಮೆಂಟ್ ಆರ್ಡರ್ ಯಾರು ಕೊಡುತ್ತಾರೆ?) ಮೊದಮೊದಲು ನೀರಿನ ಸದ್ದಿಗೆ ಎಚ್ಚರವಾಗುತ್ತಿತ್ತು. ಆಮೇಲೆ ಸದ್ದು ಬರುವ ಮೊದಲೇ. ಈಗೀಗ ನೀರು ಬರದ ದಿನವೂ ಎಚ್ಚರ. ಕಣ್ಣು ಮುಚ್ಚಿದ್ದರೂ ಕಿವಿ ಮಾತ್ರ ಸಂಪಿನ ಬಾಯಲ್ಲೇ ಕೂತಿರುತ್ತದೆ.

ಒಂದು ಸಲ ಗಂಡನಿಗೆ ಹೇಳಿದೆ, “ರೀ, ಒಂದಿನ ನೀವೂ ಏಳ್ರೀ.”

“ನೀನು ಹೆಂಗಿದ್ರೂ ಎಚ್ಚರ ಇರ್ತೀಯಲ್ಲ, ಇಬ್ರೂ ಯಾಕೆ ನಿದ್ದೆ ಕೆಡ್ಸ್ಕೋಬೇಕು?” ಅಂದರು.

ಕೇಳಿದಿರಾ ಲಾಜಿಕ್? ಅವರು ಕೆಟ್ಟವರಲ್ಲ. ಬ್ಯಾಂಕಿನಲ್ಲಿ ಕೆಲಸ, ಗಟ್ಟಿಯಾಗಿ ಮಾತನಾಡುವವರೂ ಅಲ್ಲ. ನನಗೆ ನಿದ್ದೆ ಬರುವುದಿಲ್ಲ, ಹಾಗಾಗಿ ನಾನು ಮೋಟಾರ್ ಹಾಕುತ್ತೇನೆ ಎಂದು ಪ್ರಾಮಾಣಿಕವಾಗಿ ನಂಬಿದ್ದಾರೆ. ಮೋಟಾರ್ ಹಾಕಿ ಹಾಕಿಯೇ ನನ್ನ ನಿದ್ದೆ ಹಾಳಾಗಿದೆ ಎಂದು ಅವರಿಗೆ ಒಮ್ಮೆಯೂ ಹೊಳೆಯಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಶಾಲೆಯಿಂದ ಬರುತ್ತಿದ್ದೆ. ವಿಜಯನಗರದಲ್ಲಿ ನಾನು ಟೀಚರ್, ಓಡಾಟವೆಲ್ಲ ಸ್ಕೂಟರಿನಲ್ಲೇ. ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಆಮೆಯ ಹಾಗೆ ತೆವಳುತ್ತಿದ್ದಾಗ ಕಣ್ಣು ಮುಚ್ಚಿಬಿಟ್ಟಿತು. ಸ್ಕೂಟರ್ ಹೋಗಿ ಮುಂದಿದ್ದ ಆಟೋಗೆ ಗುದ್ದಿತು. ಆಟೋದ ತುಂಬ ಯೂನಿಫಾರಂ ಹಾಕಿದ ಮಕ್ಕಳು.

ಯಾರಿಗೂ ಏನೂ ಆಗಲಿಲ್ಲ. ನನ್ನ ಮಂಡಿ ಮಾತ್ರ ಕಿತ್ತುಹೋಯಿತು. ಆಟೋದವರು ಇಳಿದು ಬಂದು ಬೈಯಲು ಬಾಯಿ ತೆರೆದರು, ನನ್ನ ಮುಖ ನೋಡಿ ದನಿ ಇಳಿಸಿದರು. “ಏನ್ ಮೇಡಂ, ಮಲ್ಕೊಂಡ್ ಗಾಡಿ ಓಡಿಸ್ತಿದೀರಾ? ಮನೆಗ್ ಹೋಗಿ ನಿದ್ದೆ ಮಾಡಿ” ಅಂದರು. ನಡುರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ. ಆ ಮಕ್ಕಳಿಗೆ ಏನಾದರೂ ಆಗಿದ್ದರೆ?

ಆಗ ಎಚ್ಚೆತ್ತುಕೊಂಡರು ನಮ್ಮವರು. ಅವರ ಆಫೀಸಿನಲ್ಲಿ ಯಾರೋ ಹೆಂಪ್ ಆಯಿಲ್ ಅಂತ ಹೇಳಿದ್ದರಂತೆ. ಪೂರ್ತಿ ನ್ಯಾಚುರಲ್, ನಾಲಿಗೆ ಕೆಳಗೆ ಎರಡು ಹನಿ ಬಿಟ್ಟರೆ ಮಗುವಿನ ಹಾಗೆ ನಿದ್ದೆ, ಇತ್ಯಾದಿ ಇತ್ಯಾದಿ. ಬಸವೇಶ್ವರನಗರದ ಒಬ್ಬ ಆಯುರ್ವೇದ ಡಾಕ್ಟರ ಚೀಟಿ ಇದ್ದರೆ ಅಂಗಡಿಯಲ್ಲಿ ಕೊಡುತ್ತಾರಂತೆ. ನಮ್ಮತ್ತೆ ಗಾಬರಿಯಾದರು.

“ಹೆಂಪ್ ಅಂದ್ರೇನೋ?”

“ಭಂಗಿ ಗಿಡ ಅಮ್ಮ. ಅದ್ರದ್ದೇ ಎಣ್ಣೆ.”

“ಅಯ್ಯೋ ಶಿವನೇ! ಮನೆ ಸೊಸೆಗೆ ಭಂಗಿ ಕುಡಿಸ್ತೀಯೇನೋ? ಪೊಲೀಸ್ನೋರು ಬಂದ್ರೆ?”

“ಇದು ಔಷಧಿ ಅಮ್ಮ, ಲೈಸೆನ್ಸ್ ಇರುತ್ತೆ.”

ಡಾಕ್ಟರು ಒಳ್ಳೆಯವರೇ. ಬೇರೆ ಯಾವ ಮಾತ್ರೆ ತಗೋತೀರಿ, ಬಿಪಿ ಇದೆಯಾ, ಹಸಿವು ಹೇಗಿದೆ, ಕನಸು ಬೀಳುತ್ತಾ, ಎಲ್ಲ ಕೇಳಿದರು. ಕೊನೆಗೆ ಕೇಳಬೇಕಾದದ್ದನ್ನೂ ಕೇಳಿದರು. “ಮಧ್ಯ ಎದ್ದಾಗ ಏನ್ ಮಾಡ್ತೀರಮ್ಮ?”

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಉತ್ತರ ಕೊಟ್ಟರು. “ಏನೂ ಇಲ್ಲ ಸಾರ್. ಸುಮ್ನೆ ಮನೆ ತುಂಬ ಓಡಾಡ್ತಾ ಇರ್ತಾಳೆ.”

ಸುಮ್ನೆ! ಮೂರು ಮನೆಯವರ ಸ್ನಾನ, ಅಡುಗೆ, ಬಟ್ಟೆ, ಪಾತ್ರೆಗೆ ನೀರು ಹತ್ತಿಸುವುದು ಸುಮ್ಮನೆ ಓಡಾಟ. ನಾನು ತಬ್ಬಿಬ್ಬಾಗಿ ಅವರ ಮುಖ ನೋಡುತ್ತಿದ್ದೆ, ಡಾಕ್ಟರು ಚೀಟಿ ಬರೆದು ಮುಗಿಸಿದ್ದರು. ವಾಪಸ್ ಬರುವಾಗ ಕಾರಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತೆ ನಾನು. ಸುಸ್ತಾಗಿದೆ ಅಂದುಕೊಂಡರು.

ಎಣ್ಣೆ ಕಹಿ, ಹಸಿ ಸೊಪ್ಪು ಜಗಿದ ಹಾಗೆ. ಮೊದಲೆರಡು ದಿನ ಏನೂ ಅನ್ನಿಸಲಿಲ್ಲ. ಮೂರನೆಯ ದಿನ ಮಲಗಿದ್ದಷ್ಟೇ ಗೊತ್ತು. ಅದು ಎಣ್ಣೆಯ ಗುಣವೋ, ವರ್ಷಗಳ ಸುಸ್ತು ಒಟ್ಟಿಗೆ ಬಂದು ಮೇಲೆ ಬಿದ್ದದ್ದೋ, ನನಗೆ ಗೊತ್ತಿಲ್ಲ. (ದಯವಿಟ್ಟು ನನ್ನನ್ನು ನಂಬಿಕೊಂಡು ನೀವು ಕೊಳ್ಳಲು ಹೋಗಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.) ಎದ್ದಾಗ ಕಿಟಕಿಯಲ್ಲಿ ಬಿಸಿಲಿತ್ತು. ಆಹಾ, ಎಂಥ ಸುಖ! ಕೈಕಾಲು ನನ್ನವೇನಾ ಅನ್ನಿಸುವಷ್ಟು ಹಗುರ. ಮದುವೆಗೆ ಮುಂಚೆ ಯಾವತ್ತೋ ಹಾಗೆ ಎದ್ದಿದ್ದೆ.

ಆ ಸುಖ ಬಾಗಿಲು ತೆರೆಯುವವರೆಗೆ.

“ನೀರು ಹಿಡೀಲಿಲ್ವಾ?” ಅತ್ತೆ ಬಚ್ಚಲ ಮುಂದೆ ಖಾಲಿ ಬಕೆಟ್ ಹಿಡಿದು ನಿಂತಿದ್ದರು. ಸಂಪ್ ತುಂಬಿಯೇ ಇತ್ತು, ಸ್ವಿಚ್ ಒತ್ತಲು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಗಂಡ ಮುಖಕ್ಕೆ ಶೇವಿಂಗ್ ನೊರೆ ಮೆತ್ತಿಕೊಂಡು, “ಏನೇ ಇದು, ಹನಿ ನೀರಿಲ್ಲ! ನಂಗೆ ಎಂಟೂವರೆಗೆ ಮೀಟಿಂಗ್ ಇದೆ ಕಣೇ” ಎಂದು ಕೂಗಿದರು. ಮೇಲಿನ ಬಾಡಿಗೆ ಮನೆಯ ಹುಡುಗ ಮೆಟ್ಟಿಲ ಮೇಲಿಂದ ಬಗ್ಗಿ, “ಆಂಟಿ, ಟ್ಯಾಂಕ್ ಫುಲ್ ಡ್ರೈ. ಯಾಕಾಂಟಿ, ಊರಲ್ಲಿ ಇರ್ಲಿಲ್ವಾ ನೀವು?” ಅಂದ.

ಊರಲ್ಲೇ ಇದ್ದೆ ಕಣಪ್ಪ. ಮಲಗಿದ್ದೆ.

ಎಷ್ಟು ಚೆನ್ನಾಗಿ ನಿದ್ದೆ ಬಂತು ಅಂತ ಒಬ್ಬರಾದರೂ ಕೇಳಬೇಕಲ್ಲ? ಊಹೂಂ. ಅತ್ತೆಯ ತೀರ್ಪು ರೆಡಿ ಇತ್ತು: “ನಾನು ಅವತ್ತೇ ಬಡ್ಕೊಂಡೆ, ಭಂಗಿ ಬೇಡ ಅಂತ. ಮೈಮೇಲೆ ಪ್ರಜ್ಞೆನೇ ಇರಲ್ಲ ಅದ್ರಲ್ಲಿ.” ಗಂಡ ಒಂದು ಹೆಜ್ಜೆ ಮುಂದೆ ಹೋದರು. “ನೀರು ಬರೋ ದಿನ ಅದನ್ನ ತಗೋಬೇಡ. ಬೇರೆ ದಿನ ತಗೋ.”

ಅಂದರೆ ದಿನ ಬಿಟ್ಟು ದಿನ ನಿದ್ದೆ ಮಾಡಲು ನನಗೆ ಪರ್ಮಿಷನ್ ಸಿಕ್ಕಿತು.

ನಮ್ಮ ರಸ್ತೆಗೊಂದು ವಾಟ್ಸಾಪ್ ಗ್ರೂಪ್ ಇದೆ. ಅವತ್ತು ಸಿಟ್ಟಿಗೆ ಅದನ್ನು ಕೂತು ಹಿಂದಕ್ಕೆ ತಿರುವಿದೆ. ಹೊತ್ತಲ್ಲದ ಹೊತ್ತಿನಲ್ಲಿ “ನೀರು ಬಂತು” ಎಂದು ಮೆಸೇಜ್ ಹಾಕಿದವರೆಲ್ಲ ಹೆಂಗಸರು. ಬೆಳಿಗ್ಗೆ ಕಾಫಿ ಕುಡಿಯುತ್ತ “ಗಾಢ ನಿದ್ದೆಗೆ ಸರಳ ಸೂತ್ರಗಳು” ಫಾರ್ವರ್ಡ್ ಮಾಡಿದವರೆಲ್ಲ ಗಂಡಸರು. ಅಶ್ವಗಂಧವಂತೆ, ಜಾಯಿಕಾಯಿ ಹಾಲಂತೆ, ಅಂಗಾಲಿಗೆ ಎಳ್ಳೆಣ್ಣೆಯಂತೆ. ಈಗ ಹೆಂಪ್. ಎಲ್ಲ ನ್ಯಾಚುರಲ್ ಅಂತೆ. ಅಲ್ಲ ಸ್ವಾಮಿ, ಮನೆಯಲ್ಲಿ ಒಬ್ಬಳೇ ಎದ್ದಿದ್ದು ಉಳಿದವರೆಲ್ಲ ಗೊರಕೆ ಹೊಡೆಯುವುದು ಯಾವ ಸೀಮೆಯ ನ್ಯಾಚುರಲ್? ನಿದ್ದೆಗೆಟ್ಟ ಹೆಂಗಸಿಗೆ ಮದ್ದು ಹುಡುಕಲು ಎಲ್ಲರಿಗೂ ಉತ್ಸಾಹ. ಅವಳ ಬದಲು ಎದ್ದು ಒಂದು ಸ್ವಿಚ್ ಒತ್ತಲು ಯಾರಿಗೂ ಕೈ ಬರುವುದಿಲ್ಲ.

ನೀವೇ ಹೇಳಿ, ನಿಮ್ಮ ಮನೆಯಲ್ಲಿ ಏಳುವವರು ಯಾರು? ಪಕ್ಕದಲ್ಲೇ ಕೂತಿರಬಹುದು, ಒಮ್ಮೆ ಅವರ ಕಣ್ಣು ನೋಡಿ.

ಈಗ ಅವತ್ತಿನ ಮಧ್ಯಾಹ್ನಕ್ಕೆ ಬರುತ್ತೇನೆ. ಶಾಲೆ ಮುಗಿಸಿ ಮನೆಗೆ ಬಂದರೆ ಎಲೆಕ್ಟ್ರಿಷಿಯನ್ ಬಂದಿದ್ದ! ಸಂಪಿಗೊಂದು, ಟ್ಯಾಂಕಿಗೊಂದು ಸೆನ್ಸರ್ ಇಳಿಬಿಟ್ಟು ಗೋಡೆಗೆ ಪುಟ್ಟ ಡಬ್ಬ ಹೊಡೆಯುತ್ತಿದ್ದ. ಸಂಪ್ ತುಂಬಿದರೆ ಮೋಟಾರ್ ತಾನೇ ಆನ್, ಟ್ಯಾಂಕ್ ತುಂಬಿದರೆ ತಾನೇ ಆಫ್. ಪಕ್ಕದ ರಸ್ತೆಯ ಅಂಗಡಿಯಲ್ಲೇ ಸಿಗುತ್ತದಂತೆ, ಎಷ್ಟೋ ವರ್ಷಗಳಿಂದ. ನಮ್ಮವರು ಮೀಟಿಂಗ್ ಬಿಟ್ಟು, ರಜೆ ಹಾಕಿ, ಖುದ್ದಾಗಿ ಏಣಿ ಹಿಡಿದು ನಿಂತಿದ್ದರು.

ಒಂದೇ ಒಂದು ಬೆಳಿಗ್ಗೆ ಅವರ ನೊರೆ ತೊಳೆಯಲು ನೀರಿರಲಿಲ್ಲ, ಮನೆಗೆ ಯಂತ್ರ ಬಂತು. ನಾನು ರಸ್ತೆಯಲ್ಲಿ ಬಿದ್ದು ಮಂಡಿ ಒಡೆದುಕೊಂಡಾಗ ಬಂದದ್ದು ಎರಡು ಹನಿ ಎಣ್ಣೆ.

ನಾನು ಆ ಡಬ್ಬವನ್ನೇ ನೋಡುತ್ತ ನಿಂತೆ. ನನ್ನ ಮುಖ ನೋಡಿ ಅವರಿಗೆ ಕೊನೆಗೂ ಏನೋ ತಟ್ಟಿರಬೇಕು. ಏಣಿ ಬಿಟ್ಟು ಹತ್ತಿರ ಬಂದರು. “ನಿಂಗೆ ನಿದ್ದೆ ಬರ್ದೇ ಇರೋದು ಇದಕ್ಕೇ ಅಂತ ಮೊದ್ಲೇ ಬಾಯ್ಬಿಟ್ಟು ಹೇಳ್ಬಾರ್ದಾಗಿತ್ತಾ?” ಅಂದರು.

“ಟ್ಯಾಂಕ್ ಖಾಲಿ ಆಗಿದೆ ಅಂತ ಟ್ಯಾಂಕ್ ಬಾಯ್ಬಿಟ್ಟು ಹೇಳಿತ್ತೇನ್ರೀ?”